ಇಲ್ಲದ ದಿನದ ಹೆಬ್ಬೆರಳು

ಕೋಲ್ಡ್ ಸ್ಟೋರೇಜಿನ ನಾಲ್ಕನೇ ಕೋಣೆಯ ಬಾಗಿಲನ್ನು ಸಂಜೆ ಐದು ಗಂಟೆಗೆ ಹೊರಗಿನಿಂದ ಎಳೆದು ಅಗುಳಿ ಹಾಕಿದರು. ಒಳಗೆ ಒಬ್ಬ ಹುಡುಗಿ ಇದ್ದಳು. ಬಾಗಿಲಿನ ಒಳಗಿನ ಹಿಡಿ ಮುರಿದು ನಾಲ್ಕು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರು. ಮಧ್ಯಾಹ್ನದ ಹೊತ್ತಿಗೆ, ಅವಳು ಕದಿಯಲು ನುಗ್ಗಿದ್ದಳು ಎಂದು ಬರೆದರು.

ಇದಾಗಿ ಇಪ್ಪತ್ತನೇ ದಿನ, ಆ ಕಂಪನಿಯ ಮ್ಯಾನೇಜರ್ ಒಂದು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಸ್ಕ್ರೂ ಅಕ್ಕನ ಅಂಗಡಿಯ ಮೆಟ್ಟಿಲು ಹತ್ತಿದ.

ಸ್ಕ್ರೂ ಅಕ್ಕ ನಲವತ್ತು ದಾಟಿದ ಹೆಂಗಸು. ಕೆಟ್ಟ ಲ್ಯಾಪ್‌ಟಾಪನ್ನು ಬಿಚ್ಚಿ ಬೋರ್ಡಿಗೆ ಕೈ ಹಾಕುವವರು ಆ ಹತ್ತು ಬೀದಿಗೆ ಅವಳೊಬ್ಬಳೇ. ಬಿಚ್ಚುವ ಮುಂಚೆ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಅಂದಾಜು ಚಿತ್ರ ಗೀಚಿ, ಯಾವ ತೂತಿನ ಸ್ಕ್ರೂವೋ ಅದನ್ನು ಆ ಜಾಗಕ್ಕೇ ಚುಚ್ಚಿಡುವುದು ಅವಳ ಪದ್ಧತಿ. ಬಿಚ್ಚುವಾಗ ಹನ್ನೊಂದಿದ್ದರೆ ಮುಚ್ಚುವಾಗಲೂ ಹನ್ನೊಂದೇ. ಪಕ್ಕದ ಮಳಿಗೆಯ ಜೆರಾಕ್ಸ್ ಮಾಮ ಬಂದವರ ಮುಂದೆಲ್ಲ ಹೇಳುತ್ತಿದ್ದ: "ನಮ್ಮಕ್ಕನ ಒಂದೇ ಒಂದು ಸ್ಕ್ರೂನೂ ಲೂಸಿಲ್ಲ ಕಣ್ರೀ. ಮನುಷ್ಯರಿಗೆ ಅಷ್ಟು ಟೈಟು ಒಳ್ಳೇದಲ್ಲ."

ಅವಳಿಗೆ ಇನ್ನೊಂದು ಅಭ್ಯಾಸವೂ ಇತ್ತು. ಬಿಚ್ಚಿದ ಪ್ರತಿ ಲ್ಯಾಪ್‌ಟಾಪಿನ ತಳದ ಮುಚ್ಚಳದ ಒಳಮೈಗೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದು, ಏನು ಮಾಡಿದೆ ಎಂದು ಎರಡು ಮಾತು ಗೀಚುತ್ತಿದ್ದಳು. ಮುಂದೆ ಇನ್ಯಾರೋ ಬಿಚ್ಚಿದರೆ ಅವರಿಗೆ ತಿಳಿಯಲಿ ಎಂದು. ಮುಂದೆ ಬಿಚ್ಚುತ್ತಿದ್ದವಳೂ ಸಾಮಾನ್ಯವಾಗಿ ಅವಳೇ.

"ಏಳ್ತಾ ಇಲ್ಲಮ್ಮ ಇದು," ಎಂದ ಮ್ಯಾನೇಜರ್. ನಯವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. "ಗೇಟಿನ ಲ್ಯಾಪ್‌ಟಾಪು. ಹಾಜರಿದು. ನಾಳೆ ಬೆಳಿಗ್ಗೆ ಹತ್ತಕ್ಕೆ ತಪಾಸಣೆಯವರು ಬರ್ತಾರೆ. ಕಾಗದ ಸಾಲದಂತೆ ಅವರಿಗೆ, ಮಿಷನ್ನೇ ನೋಡ್ಬೇಕಂತೆ."

"ಯಾವಾಗಿಂದ ಎದ್ದಿಲ್ಲ?"

"ಎರಡು ವಾರದ ಮೇಲಾಯ್ತು."

ಯಾವುದರ ತಪಾಸಣೆ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಎದುರು ಮಳಿಗೆಯ ಹೊಲಿಗೆ ಮಿಷನ್ನಿನ ಸದ್ದು ಬೀದಿಯನ್ನು ದಾಟಿ ಅವಳ ಮೇಜಿನವರೆಗೂ ಬರುತ್ತಿತ್ತು.

"ಇನ್ನೆರಡು ಸಣ್ಣ ಕೆಲಸ," ಮ್ಯಾನೇಜರ್ ಬೆರಳಚ್ಚಿನ ಕಪ್ಪು ಡಬ್ಬಿಯನ್ನೂ ಅದರ ವೈರನ್ನೂ ಮೇಜಿನ ಮೇಲಿಟ್ಟ. "ಎದ್ದ ಮೇಲೆ, ಅದರೊಳಗೆ ಹಳೇ ಯಾವುದೋ ಜನವರಿ ತಿಂಗಳ ಕಸ ತುಂಬ್ಕೊಂಡಿದೆ. ಗುಡಿಸಿಬಿಡಿ. ಮತ್ತೆ, ಒಂದು ದನಿ ಇದೆ, ಮಾತಾಡುತ್ತೆ. ಅದನ್ನೂ ತೆಗೀರಿ."

"ಯಾವ ದನಿ ಸಾರ್?"

"ಯಾವುದೋ ದನಿ," ಎಂದು ಆತ ಗಡಿಯಾರ ನೋಡಿಕೊಂಡ. "ನಾಲ್ಕಕ್ಕೆ ಬರ್ತೀನಿ."

ಎದುರು ಮಳಿಗೆಯಲ್ಲಿ ಕೂತು ಮಿಷನ್ ತುಳಿಯುತ್ತಿದ್ದವಳು ಟೈಲರಮ್ಮ, ಸತ್ತ ಹುಡುಗಿಯ ತಾಯಿ. ಆತನಿಗೆ ಅದು ಗೊತ್ತಿರಲಿಲ್ಲ. ಆತ ಆ ಮನೆಗೆ ಹೋಗಿರಲಿಲ್ಲ, ಕಾಗದ ಕಳಿಸಿದ್ದ. ಕಾಗದದಲ್ಲಿ ಮೂರು ಸಾಲು. ನಿಮ್ಮ ಮಗಳು ಮಧ್ಯಾಹ್ನ ಒಂದು ಗಂಟೆ ಎರಡು ನಿಮಿಷಕ್ಕೆ ಊಟಕ್ಕೆ ಹೊರಗೆ ಹೋಗಲು ಹೆಬ್ಬೆರಳು ಒತ್ತಿದ್ದಾಳೆ. ಆಮೇಲೆ ಒಳಗೆ ಬಂದ ಗುರುತು ಮಿಷನ್ನಿನಲ್ಲಿ ಇಲ್ಲ. ಆದ್ದರಿಂದ ಕದ್ದು ಒಳಗೆ ಬಂದಿದ್ದಾಳೆ. ಅವಳ ಜೊತೆ ಕೆಲಸ ಮಾಡುವ ಹದಿನೇಳು ಜನ ಅವಳು ಊಟ ಮುಗಿಸಿ ತಮ್ಮೊಟ್ಟಿಗೇ ಒಳಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದರು. ಹೇಳಿಯೂ ಇದ್ದರು. "ನಿಮ್ಮೆಲ್ಲರ ಗುರುತೂ ಇದೆಯಲ್ಲ, ಅವಳದ್ದೊಂದು ಯಾಕಿಲ್ಲ?" ಎಂದು ಕೇಳಿದ್ದರು ಕಚೇರಿಯವರು. ಹದಿನೇಳು ಜೊತೆ ಕಣ್ಣಿಗಿಂತ ಒಂದು ಡಬ್ಬಿಯ ಕಣ್ಣು ದೊಡ್ಡದಾಯಿತು.

ಅಂದಿನಿಂದ ಟೈಲರಮ್ಮ ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆಯವರೆಗೂ ಮಿಷನ್ ತುಳಿಯುತ್ತಲೇ ಇದ್ದಳು. ಸೂಜಿಯಲ್ಲಿ ದಾರವಿಲ್ಲ ಎಂದು ಮೂರನೇ ದಿನ ಮೊದಲು ಕಂಡವಳು ಸ್ಕ್ರೂ ಅಕ್ಕ. ಬಟ್ಟೆಯ ತುಂಬ ತೂತಿನ ಸಾಲು, ಹೊಲಿಗೆಯೇ ಇಲ್ಲ.

ಮ್ಯಾನೇಜರ್ ಹೋದ ಮೇಲೆ ಅವಳು ಕೆಲಸಕ್ಕೆ ಕೂತಳು. ಮೊದಲು ಚಾರ್ಜರ್. ಮೀಟರ್ ಹಿಡಿದಳು, ಹತ್ತೊಂಬತ್ತು ವೋಲ್ಟ್ ಸರಿಯಾಗಿ ಬರುತ್ತಿತ್ತು. ಬಟನ್ ಒತ್ತಿದಳು. ದೀಪ ಹೊತ್ತಿತು. ಒಳಗಿನ ಫ್ಯಾನು ಒಮ್ಮೆ ಉಸಿರೆಳೆದುಕೊಂಡ ಹಾಗೆ ತಿರುಗಿ, ಮೂರನೇ ಸೆಕೆಂಡಿಗೆ ನಿಂತುಹೋಯಿತು. ಪರದೆ ಕಪ್ಪು. ದೀಪ ಮಾತ್ರ ಮಿಣುಕತೊಡಗಿತು: ಮೂರು ಸಲ, ಒಂದಿಷ್ಟು ತಡೆದು ಒಂದು ಸಲ. ಮತ್ತೆ ಮೂರು, ಮತ್ತೆ ಒಂದು.

ಈ ಮಿಣುಕಿಗೆ ಅರ್ಥವಿದೆ. ಬಾಯಿಲ್ಲದ ಯಂತ್ರ ತನ್ನ ನೋವು ಎಲ್ಲಿ ಎಂದು ಹೀಗೆ ಹೇಳುತ್ತದೆ. ಮೂರು ಮತ್ತು ಒಂದು ಎಂದರೆ ಈ ಜಾತಿಯ ಲ್ಯಾಪ್‌ಟಾಪಿನಲ್ಲಿ ಮೆಮೊರಿಯ ತೊಂದರೆ. ಅದು ಅವಳಿಗೆ ಬಾಯಿಪಾಠ. ಆದರೂ ಆ ದಿನ ಅವಳಿಗೆ ಅದು ಮಿಣುಕಿನ ಹಾಗೆ ಕಾಣಲಿಲ್ಲ. ಯಾರೋ ದಪ್ಪ ಬಾಗಿಲನ್ನು ಒಳಗಿನಿಂದ ಮೂರು ಸಲ ಬಡಿದು, ಕಿವಿಗೊಟ್ಟು, ಇನ್ನೊಂದು ಸಲ ಬಡಿದ ಹಾಗೆ ಕಂಡಿತು. ವೈರು ಕಿತ್ತಳು. ಬ್ಯಾಟರಿ ತೆಗೆದಳು. ಆದರೂ ದೀಪ ಇನ್ನೊಂದು ಸುತ್ತು ಮಿಣುಕಿತು.

"ಉಳಿದ ಕರೆಂಟು," ಎಂದು ತನಗೆ ತಾನೇ ಹೇಳಿಕೊಂಡಳು. ಬಟನ್ನನ್ನು ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿದಳು. ಒಳಗೆ ಉಳಿದದ್ದನ್ನೆಲ್ಲ ಬಸಿದು ಹಾಕುವ ಉಪಾಯ ಅದು. ಉಳಿದದ್ದೆಲ್ಲ ಬಸಿದು ಹೋಗುತ್ತದೆಯೇ?

"ಏನಕ್ಕಾ, ಲ್ಯಾಪ್‌ಟಾಪಿನ ಕತ್ತು ಹಿಸುಕ್ತಾ ಇದೀಯಾ?" ಜೆರಾಕ್ಸ್ ಮಾಮ ಎರಡು ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಡಬ್ಬಿಯ ಮೇಲಿನ ಕಂಪನಿಯ ಚೀಟಿ ಓದಿದ. ನಗು ಅಲ್ಲೇ ಇಂಗಿತು. "ಇದಾ?"

"ಇದೇ."

"ಅಲ್ಲಿಯ ಕೂಲಿಯೋರು ಹೇಳ್ತಿದ್ರು. ಅವಳು ಹೋದ ಮೇಲೂ ಮೂರು ದಿನ ಇದು ಮಾತಾಡ್ತಿತ್ತಂತೆ. ಜನ ಹೆಬ್ಬೆರಳಿಡೋಕೆ ಹೆದರಿ ಗೇಟಲ್ಲೇ ನಿಂತುಬಿಡ್ತಿದ್ರಂತೆ. ನಾಲ್ಕನೇ ದಿನ ಇದೇ ಏಳಲಿಲ್ಲ." ಚಹಾ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ನಾನು ಹೆದರೋನಲ್ಲ. ಸುಮ್ನೆ, ಅಂಗಡೀಲಿ ಯಾರೂ ಇಲ್ಲ ಅಂತ ಹೋಗ್ತಾ ಇದೀನಿ."

ಸ್ಕ್ರೂ ಅಕ್ಕ ರಟ್ಟಿನ ಮೇಲೆ ಚಿತ್ರ ಗೀಚಿದಳು. ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿ ಚುಚ್ಚಿಟ್ಟಳು. ತಳದ ಮುಚ್ಚಳವನ್ನು ಉಗುರಿನಿಂದ ಸುತ್ತಲೂ ಎಬ್ಬಿಸಿ ಮಗುಚಿದಳು. ಒಳಮೈಯಲ್ಲಿ ಅವಳದೇ ಅಕ್ಷರ. ಎರಡು ವರ್ಷದ ಹಿಂದಿನ ತಾರೀಕು. ಕೆಳಗೆ: "ಸೆಲ್ ಹಳೆಯದು, ಸದ್ಯಕ್ಕೆ. ಹತ್ತು ದಿನದಲ್ಲಿ ಹೊಸದು ಹಾಕಬೇಕು."

ಆಗ ನೆನಪಾಯಿತು. ಗಡಿಯಾರದ ಸೆಲ್ ಅದು, ಗುಂಡಿಯಷ್ಟು ಅಗಲ. ಕರೆಂಟು ಇಲ್ಲದಾಗಲೂ ಲ್ಯಾಪ್‌ಟಾಪಿಗೆ ಇವತ್ತು ಯಾವ ದಿನ, ಈಗ ಎಷ್ಟು ಗಂಟೆ ಎಂದು ನೆನಪಿಟ್ಟುಕೊಡುವುದು ಅದೊಂದೇ. ಆವತ್ತು ಆ ಅಳತೆಯದು ಸಿಕ್ಕಿರಲಿಲ್ಲ. ಗುಜರಿಗೆ ಹೋಗಬೇಕಿದ್ದ ಒಂದರಿಂದ ಕಿತ್ತು ಹಾಕಿದ್ದಳು. ಹತ್ತು ದಿನ ಬಿಟ್ಟು ತನ್ನಿ ಎಂದು ಗೇಟಿನ ಗುಮಾಸ್ತನಿಗೆ ಹೇಳಿದ್ದಳು. ಅವನು ತರಲಿಲ್ಲ, ಅವಳು ಕೇಳಲಿಲ್ಲ. ಹತ್ತು ದಿನ ಎರಡು ವರ್ಷವಾಯಿತು. ಊರೆಲ್ಲ ಸದ್ಯಕ್ಕೇ ನಡೆಯುತ್ತಿರುವಾಗ ಒಂದು ಸೆಲ್ಲಿನದ್ದೇನು?

"ಥೂ, ಮರೆತೇಬಿಟ್ಟೆ," ಎಂದು ನಾಚಿಕೊಂಡಳು. ಸಣ್ಣ ನಾಚಿಕೆ, ಒಲೆಯ ಮೇಲೆ ಹಾಲಿಟ್ಟು ಮರೆತಷ್ಟು. ಮೀಟರ್ ಹಿಡಿದರೆ ಸೆಲ್ಲಿನಲ್ಲಿ ಮೂರು ವೋಲ್ಟ್ ಇರಬೇಕಾದಲ್ಲಿ ಕಾಲು ವೋಲ್ಟೂ ಇರಲಿಲ್ಲ.

ಮೆಮೊರಿಯ ಪಟ್ಟಿಗಳೆರಡನ್ನೂ ಕಿತ್ತಳು. ಥಂಡಿಯ ಜಾಗದಲ್ಲಿ ನೆಂದು ನೆಂದು ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳ ಮೇಲೆ ಬೆಳ್ಳಗೆ ಕಿಲುಬು ಹಿಡಿದಿತ್ತು. ಅದಕ್ಕೆ ಮದ್ದು ಮಕ್ಕಳ ರಬ್ಬರು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ನಯವಾಗಿ ಉಜ್ಜಿದರೆ ಕಿಲುಬು ಹೋಗುತ್ತದೆ. ಉಜ್ಜಿದಳು. ಗೂಡನ್ನು ಸ್ಪಿರಿಟ್ಟಿನ ಬ್ರಶ್ಶಿನಿಂದ ತಿಕ್ಕಿದಳು. ಒಂದೇ ಪಟ್ಟಿ ಕೂರಿಸಿ ಬಟನ್ ಒತ್ತಿದಳು. ಮೂರು, ಒಂದು. ಅದನ್ನು ಕಿತ್ತು ಇನ್ನೊಂದನ್ನು ಕೂರಿಸಿದಳು. ಫ್ಯಾನು ಉಸಿರೆಳೆಯಿತು. ಮೂರು ಸೆಕೆಂಡು ದಾಟಿತು, ನಾಲ್ಕಾಯಿತು, ಐದಾಯಿತು. ಉಸಿರು ನಿಲ್ಲಲಿಲ್ಲ.

ಪರದೆ ಬೆಳಗಿ, ದಿನ ಮತ್ತು ಸಮಯ ಕೂರಿಸಿಲ್ಲ, ಮುಂದುವರಿಯಲು ಒಂದು ಗುಂಡಿ ಒತ್ತಿ ಎಂದಿತು. ಮೂಲೆಯಲ್ಲಿ ತಾನೇ ಒಂದು ದಿನವನ್ನು ಹಾಕಿಕೊಂಡಿತ್ತು. ಎಂಟು ವರ್ಷದ ಹಿಂದಿನ ಜನವರಿ ಒಂದು, ಹನ್ನೆರಡು ಗಂಟೆ ಸೊನ್ನೆ ನಿಮಿಷ. ಈ ಲ್ಯಾಪ್‌ಟಾಪು ಹುಟ್ಟಿದ ದಿನ ಅದು. ನೆನಪು ತಪ್ಪಿದಾಗಲೆಲ್ಲ ಅಲ್ಲಿಗೇ ಓಡಿ ಕೂರುತ್ತದೆ.

ಗುಂಡಿ ಒತ್ತಿದಳು. ಹಾಜರಿಯ ಪರದೆ ತಾನಾಗಿಯೇ ತೆರೆಯಿತು. ಬೆರಳಚ್ಚಿನ ಡಬ್ಬಿಯ ವೈರು ಸಿಕ್ಕಿಸಿ, ಕೆಲಸ ಮಾಡುತ್ತದೋ ನೋಡೋಣವೆಂದು ತನ್ನ ಹೆಬ್ಬೆರಳಿಟ್ಟಳು.

"ಗುರುತು ಸಿಗ್ತಿಲ್ಲ," ಎಂದಿತು ಡಬ್ಬಿ. "ಇನ್ನೊಂದ್ಸಲ ಇಡಿ."

ಕಂಚಿನ ದನಿ. ಬೀದಿಯ ಈ ತುದಿಯಿಂದ ಕೂಗಿದರೆ ಆ ತುದಿಯಲ್ಲಿ ತಿರುಗಿ ನೋಡುವಂಥದ್ದು. ಆ ದನಿಗಾಗಿಯೇ ಬೀದಿಯವರು ಅವಳನ್ನು ಕಂಚು ಎಂದು ಕರೆಯುತ್ತಿದ್ದರು. ಟೈಲರಮ್ಮನ ಒಬ್ಬಳೇ ಮಗಳು. ಡಬ್ಬಿಯ ಜೊತೆ ಬಂದಿದ್ದ ದನಿ ಯಾವುದೋ ಪರಭಾಷೆಯದು, ಒಪ್ಪಿತೋ ಬಿಟ್ಟಿತೋ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಗೇಟಿನ ಗುಮಾಸ್ತ ಇವಳಿಂದ ಮೂರು ಮಾತು ಹೇಳಿಸಿ ತುಂಬಿದ್ದ. ಆವತ್ತು ಸಂಜೆ ಅವಳು ಇದೇ ಮೆಟ್ಟಿಲಲ್ಲಿ ನಿಂತು ಕುಣಿದಿದ್ದಳು: "ಅಕ್ಕಾ, ಇನ್ಮೇಲೆ ಇಡೀ ಕಂಪನಿ ನಾನು ಹೇಳಿದ ಹಾಗೆ ಕೇಳ್ಬೇಕು! ನಾನು ಹೋಗಿ ಅಂದ್ರೆ ಹೋಗ್ಬೇಕು, ಬನ್ನಿ ಅಂದ್ರೆ ಬರ್ಬೇಕು!"

ಎದುರು ಮಳಿಗೆಯ ಮಿಷನ್ ನಿಂತಿತು.

ಇಪ್ಪತ್ತು ದಿನದಿಂದ ನಿಲ್ಲದ ಸದ್ದು ನಿಂತಾಗ ಬೀದಿಯ ಉಳಿದ ಸದ್ದುಗಳೂ ಕಿವಿ ನಿಮಿರಿಸಿದವು. ಟೈಲರಮ್ಮ ಕತ್ತಿಗೆ ತೂಗುಬಿದ್ದ ಅಳತೆಯ ಟೇಪಿನ ಸಮೇತ ಬೀದಿ ದಾಟಿ ಬಂದಳು. ಚಪ್ಪಲಿ ಹಾಕಿರಲಿಲ್ಲ.

"ಎಲ್ಲಿ?" ಎಂದಳು.

"ದೊಡ್ಡಮ್ಮ, ಅದು ಸುಮ್ನೆ ತುಂಬಿಟ್ಟ ದನಿ..."

"ಗೊತ್ತು ಕಣೇ. ನಂಗೇನು ತಲೆ ಕೆಟ್ಟಿಲ್ಲ. ಎಲ್ಲಿ?"

ಸ್ಕ್ರೂ ಅಕ್ಕ ಡಬ್ಬಿಯನ್ನು ಮುಂದೆ ಸರಿಸಿದಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳನ್ನು ತಾಯಿ ಗಾಜಿನ ಮೇಲಿಟ್ಟಳು.

"ಗುರುತು ಸಿಗ್ತಿಲ್ಲ. ಇನ್ನೊಂದ್ಸಲ ಇಡಿ."

ಇಟ್ಟಳು.

"ಗುರುತು ಸಿಗ್ತಿಲ್ಲ. ಇನ್ನೊಂದ್ಸಲ ಇಡಿ."

ಬೆರಳನ್ನು ಸೆರಗಿಗೆ ಒರೆಸಿ, ಬಾಯಿಂದ ಹಬೆಯೂದಿ, ಮತ್ತೆ ಒರೆಸಿ ಇಟ್ಟಳು. ಐದು ಸಲ, ಆರು ಸಲ. ಕೊನೆಗೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ನನ್ನ ಗುರುತು ಸಿಗ್ತಿಲ್ಲವಂತೆ ನೋಡೇ ಅವಳಿಗೆ," ಎಂದಳು. ಅಳಲಿಲ್ಲ. ಸ್ಟೂಲೆಳೆದು ಗೋಡೆಗೆ ಒರಗಿ ಕೂತಳು. "ನೀನು ಕೆಲಸ ಮಾಡು. ನಾನು ಇಲ್ಲೇ ಇರ್ತೀನಿ."

ತಾಯಿ ಬೆನ್ನ ಹಿಂದೆ ಕೂತಿರುವಾಗ ಮಗಳ ದನಿ ಅಳಿಸುವ ಕೈ ಯಾರಿಗಿದೆ? ಅದನ್ನು ಆಮೇಲೆ ನೋಡೋಣ, ಮೊದಲು ಜನವರಿಯ ಕಸ ಗುಡಿಸೋಣ ಎಂದುಕೊಂಡು ಸ್ಕ್ರೂ ಅಕ್ಕ ಪಟ್ಟಿ ತೆರೆದಳು.

ಜನವರಿ ಒಂದು, ಎಂಟು ವರ್ಷದ ಹಿಂದಿನದು. ಆಗ ಕೋಲ್ಡ್ ಸ್ಟೋರೇಜು ಇರಲಿಲ್ಲ. ಆ ಜಾಗ ಬಯಲಾಗಿತ್ತು. ಹನ್ನೆರಡು ವರ್ಷದ ಕಂಚು ಅಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಆದರೆ ಪರದೆಯ ಮೇಲೆ ಸಾಲು ಮುಗಿಯುತ್ತಲೇ ಇರಲಿಲ್ಲ. ಹನ್ನೆರಡು ಗಂಟೆ ಮೂರು ನಿಮಿಷ, ಒಳಗೆ. ಹನ್ನೆರಡು ಗಂಟೆ ನಾಲ್ಕು ನಿಮಿಷ, ಒಳಗೆ. ನೂರು, ಇನ್ನೂರು, ಆರುನೂರು ಹೆಬ್ಬೆರಳು. ಇಲ್ಲದ ಕಟ್ಟಡದೊಳಕ್ಕೆ, ಯಾರೂ ಬದುಕದ ಒಂದು ದಿನ, ಜನ ಸಾಲುಗಟ್ಟಿ ಹೋಗುತ್ತಲೇ ಇದ್ದರು. ಒಬ್ಬರೂ ಹೊರಗೆ ಬಂದಿರಲಿಲ್ಲ.

ಮೈಯೆಲ್ಲ ಚಳಿಯಾದರೂ ತಲೆ ಲೆಕ್ಕ ಹಾಕುತ್ತಿತ್ತು. ಗೇಟಿನ ಲ್ಯಾಪ್‌ಟಾಪಿಗೆ ಬ್ಯಾಟರಿ ನಿಲ್ಲುವುದಿಲ್ಲ. ಈ ಕಡೆ ಕರೆಂಟು ಹೋಗುವುದು ಊಟದ ಹೊತ್ತಿಗೇ, ಜನ ವಾಪಸ್ ಒಳಗೆ ಬರುವ ಮುಂಚೆ; ಆಗ ಇದೂ ಆರುತ್ತದೆ. ಕರೆಂಟು ಬಂದರೆ ಗುಮಾಸ್ತ ಮತ್ತೆ ಹಚ್ಚುತ್ತಾನೆ. ಸೆಲ್ ಸತ್ತಿರುವುದರಿಂದ ದಿನ ಮರೆತು ಜನವರಿ ಒಂದಕ್ಕೆ ಓಡುತ್ತದೆ. ಗುಮಾಸ್ತ ಗೋಡೆಯ ಗಡಿಯಾರ ನೋಡಿ ಕೈಯಲ್ಲಿ ಸಮಯ ಕೂರಿಸುವವರೆಗೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಬೆರಳಿಟ್ಟವರೆಲ್ಲ ಆ ಹಾಳು ದಿನಕ್ಕೆ ಹೋಗಿ ಬೀಳುತ್ತಾರೆ.

ತಾರೀಕನ್ನು ಬಿಟ್ಟು ಸಾಲಿನ ನಂಬರಿನ ಪ್ರಕಾರ ಪಟ್ಟಿಯನ್ನು ಜೋಡಿಸಿದಳು. ತಾರೀಕು ಸುಳ್ಳು ಹೇಳಬಹುದು, ಸಾಲು ಹೇಳುವುದಿಲ್ಲ. ಯಾರ ಹಿಂದೆ ಯಾರು ನಿಂತಿದ್ದರು ಎಂಬುದಕ್ಕೆ ಗಡಿಯಾರ ಬೇಡ.

ಕಂಚು ಸತ್ತ ದಿನ. ಮಧ್ಯಾಹ್ನ ಒಂದು ಗಂಟೆ ಎರಡು ನಿಮಿಷ, ಕಂಚು, ಹೊರಗೆ. ನಂಬರು ನಲವತ್ತೊಂದು ಸಾವಿರದ ಇನ್ನೂರ ಏಳು. ಅದರ ನಂತರದ ನಂಬರುಗಳು ಒಂದೂ ತಪ್ಪದೆ ಜನವರಿ ಒಂದರವು. ಹದಿನೆಂಟು ಹೆಬ್ಬೆರಳು, ಎಲ್ಲವೂ ಒಳಗೆ. ಅವುಗಳಲ್ಲಿ ಹನ್ನೊಂದನೆಯದು ಕಂಚುವಿನದು.

ಬಂದಿದ್ದಳು. ಬೆರಳಿಟ್ಟೇ ಬಂದಿದ್ದಳು. ತನ್ನದೇ ದನಿ "ಬಂದ್ರಾ? ಒಳಗೆ ಹೋಗಿ" ಎಂದಿರಬೇಕು. ಹೋಗಿದ್ದಳು.

ಹಾಗಾದರೆ ಉಳಿದ ಹದಿನೇಳು ಜನರ ಗುರುತು ಕಚೇರಿಯ ಕಾಗದದಲ್ಲಿ ಹೇಗೆ ಬಂತು? ಸ್ಕ್ರೂ ಅಕ್ಕ ಕೆಳಕ್ಕೆ ಸರಿಸಿದಳು. ಸಿಕ್ಕಿತು. ಹದಿನೇಳು ಹೆಸರು, ಕೈಯಿಂದ ಸೇರಿಸಿದ್ದು, ಆ ದಿನದ ಮಧ್ಯಾಹ್ನ ಒಂದೂವರೆಗೆ ಒಳಗೆ ಬಂದರು ಎಂದು. ಸೇರಿಸಿದ ಹೊತ್ತು ಮರುದಿನ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

ಎಂಟಕ್ಕೆ ಬಾಗಿಲು ತೆಗೆದಿದ್ದರು. ಒಂಬತ್ತು ನಲವತ್ತಕ್ಕೆ ನೆಮ್ಮದಿಯಾಗಿ ಕೂತು ಹದಿನೇಳು ಜನರನ್ನು ಹೆಸರು ಹಿಡಿದು ಒಳಗೆ ಕರೆದುಕೊಂಡಿದ್ದರು. ಹದಿನೆಂಟನೆಯವಳನ್ನು ಹೊರಗೇ ಬಿಟ್ಟಿದ್ದರು.

"ಏನಾಯ್ತೇ?" ಹಿಂದಿನಿಂದ ಟೈಲರಮ್ಮ ಕೇಳಿದಳು. "ನಿನ್ನ ಕುತ್ತಿಗೆ ಬೆವರ್ತಾ ಇದೆ."

ಸ್ಕ್ರೂ ಅಕ್ಕ ತಿರುಗಿ ಕೂತು ಪರದೆ ತೋರಿಸಿ ಎಲ್ಲ ಹೇಳಿದಳು. ಟೈಲರಮ್ಮ ಒಂದೇ ಕಡೆ ತಡೆದಳು: "ಅಂದ್ರೆ, ನನ್ನ ಮಗಳು ಕಳ್ಳಿ ಅಲ್ಲ ಅಂತ ಇದ್ರಲ್ಲಿದೆ."

"ಇದೆ ದೊಡ್ಡಮ್ಮ."

"ಇಪ್ಪತ್ತು ದಿನದಿಂದ ಇದೆ."

"ಇದೆ." ತಳದ ಮುಚ್ಚಳವನ್ನು ಎತ್ತಿ ಅವಳ ತೊಡೆಯ ಮೇಲಿಟ್ಟಳು. "ಇದೂ ಇದೆ. ಓದು. ಆ ಸೆಲ್ ಹಾಕಿದ್ದು ನಾನು. ಸತ್ತ ಸೆಲ್ಲು. ಹೊಸದು ಹಾಕಿದ್ರೆ ಅವಳ ಹೆಬ್ಬೆರಳು ಅವಳ ದಿನದಲ್ಲೇ ಇರ್ತಿತ್ತು. ಯಾರಿಗೂ ಕಳ್ಳಿ ಅನ್ನೋಕೆ ದಾರಿ ಇರ್ತಿರಲಿಲ್ಲ."

ಟೈಲರಮ್ಮ ಪೆನ್ಸಿಲ್ ಅಕ್ಷರಗಳನ್ನು ಓದಿದಳು. ಬಟ್ಟೆಯ ನೇಯ್ಗೆ ನೋಡುವವಳ ಹಾಗೆ ಬೆಳಕಿಗೆ ಓರೆಯಾಗಿ ಹಿಡಿದು ಇನ್ನೊಮ್ಮೆ ಓದಿದಳು. ಆಮೇಲೆ ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

"ಬಾಗಿಲು ಹಾಕಿದ್ದು ನೀನಾ?"

"ಅಲ್ಲ."

"ಹಿಡಿ ಮುರಿದಿದೆ ಅಂತ ನನ್ನ ಮಗಳು ನಾಲ್ಕು ಸಲ ಹೋಗಿ ಹೇಳಿದ್ದು ನಿಂಗಾ?"

"ಅಲ್ಲ ದೊಡ್ಡಮ್ಮ."

"ಮತ್ತೆ ನಿನ್ನ ಪಾಲಿಗೆ ಎಷ್ಟು ಬರುತ್ತೋ ಅಷ್ಟು ಹೊತ್ಕೋ. ಅವರ ಪಾಲಿಂದೂ ಹೊತ್ಕೊಂಡು ಅವರಿಗೆ ಹಗುರ ಮಾಡ್ಬೇಡ." ಎದ್ದು ನಿಂತಳು. "ನಂಗೆ ಹೇಳಿ ಏನು ಬಂತು? ನಾನು ಕ್ಷಮಿಸ್ತೀನಿ ಅಂತಾನಾ? ನಾನು ಕ್ಷಮಿಸಲ್ಲ. ಕೇಳೋಕೆ ಬರ್ತಾರಲ್ಲ ನಾಳೆ, ಅವರ ಮುಂದೆ ಹೇಳು."

ಇಷ್ಟು ಹೇಳಿ ಅವಳು ತನ್ನ ಮಳಿಗೆಗೆ ಹೋದಳು. ಮಿಷನ್ ಶುರುವಾಗಲಿಲ್ಲ. ಹೊಸ್ತಿಲ ಮೇಲೆ ಕೂತು ಈ ಕಡೆಗೇ ನೋಡತೊಡಗಿದಳು.

ಸ್ಕ್ರೂ ಅಕ್ಕ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿ ಜೆರಾಕ್ಸ್ ಮಾಮನ ಕೈಗಿತ್ತಳು. "ಮೂರು ಪ್ರತಿ."

ಮೊದಲ ಹಾಳೆ ಹೊರಬರುತ್ತಿದ್ದಂತೆ ಮಾಮ ಕನ್ನಡಕ ಏರಿಸಿದ. ಓದುತ್ತ ಓದುತ್ತ ಅವನ ತಮಾಷೆಗಳೆಲ್ಲ ಎಲ್ಲಿಗೋ ಹೋದವು. "ಅಕ್ಕಾ, ಇದನ್ನ ನಾನು ಐದು ಪ್ರತಿ ತೆಗೀತೀನಿ," ಎಂದ. "ಎರಡು ನನ್ನ ಹತ್ರ ಇರ್ಲಿ. ನನ್ನ ಮಿಷನ್ನಿಗೂ ಒಂದು ಸಲ ನಿಜ ಕುಡಿಸೋಣ, ಬರೀ ಅರ್ಜಿ ತೆಗೆದು ತೆಗೆದು ಬಾಯಿ ಸಪ್ಪೆ ಆಗಿದೆ ಅದಕ್ಕೆ."

ನಾಲ್ಕಕ್ಕೆ ಸರಿಯಾಗಿ ಮ್ಯಾನೇಜರ್ ಬಂದ. ಉರಿಯುವ ಪರದೆ ನೋಡಿ ಅವನ ಮುಖವೂ ಬೆಳಗಿತು. "ಎದ್ದುಬಿಡ್ತಲ್ಲ! ಭೇಷ್. ಕಸ?"

"ಕಸ ಏನೂ ಇಲ್ಲ ಸಾರ್ ಅದ್ರಲ್ಲಿ."

"ಜನವರಿದು..."

"ಜನವರಿದು ನೋಡ್ದೆ. ಆರುನೂರು ಜನ ಇದಾರೆ. ಒಬ್ಬಳು ನಮ್ಮ ಬೀದಿಯವಳು. ಎದುರು ಮಳಿಗೆಯ ಹೊಸ್ತಿಲ ಮೇಲೆ ಕೂತಿದಾರಲ್ಲ, ಅವರ ಮಗಳು."

ಅವನು ತಿರುಗಿ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವನು ಹೆಗಲನ್ನೂ ಮುಟ್ಟಿಕೊಳ್ಳುವವನಲ್ಲ. ಕುರ್ಚಿ ಎಳೆದು ಕೂತ. ಕೂರುವಾಗ ಮೊಣಕೈ ಡಬ್ಬಿಗೆ ತಗುಲಿತು.

"ಗುರುತು ಸಿಗ್ತಿಲ್ಲ. ಇನ್ನೊಂದ್ಸಲ ಇಡಿ."

ಮ್ಯಾನೇಜರ್ ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡು ಡಬ್ಬಿಯ ವೈರನ್ನು ಕಿತ್ತ. ವೈರು ಕೈಯಲ್ಲಿ ತೂಗುತ್ತಿತ್ತು.

"ಬಂದ್ರಾ?" ಎಂದಿತು ಲ್ಯಾಪ್‌ಟಾಪಿನ ಸ್ಪೀಕರು. "ಒಳಗೆ ಹೋಗಿ."

ಎಲ್ಲೋ ತಡೆದು ನಿಂತಿದ್ದ ಮಾತು, ವೈರು ಕಿತ್ತ ಹೊಡೆತಕ್ಕೆ ಉದುರಿರಬೇಕು. ಹಾಗೆಯೇ ಇರಬೇಕು. ಇಪ್ಪತ್ತು ವರ್ಷ ಯಂತ್ರಗಳ ಜೊತೆ ಕಳೆದ ಸ್ಕ್ರೂ ಅಕ್ಕನಿಗೆ ಅದಕ್ಕಿಂತ ಒಳ್ಳೆಯ ಕಾರಣ ಹೊಳೆಯಲಿಲ್ಲ. ಪೂರ್ತಿ ನಂಬಲೂ ಆಗಲಿಲ್ಲ.

ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುವಾಗ ಮ್ಯಾನೇಜರ್‌ನ ಕಣ್ಣು ಮಗುಚಿಟ್ಟ ಮುಚ್ಚಳದ ಮೇಲೆ ಬಿತ್ತು. ಓದಿದ. ಅವನ ದನಿಗೆ ಬೆಣ್ಣೆ ಮರಳಿ ಬಂತು.

"ಇದು ಯಾರ ಅಕ್ಷರ?"

"ನಂದೇ."

"ಅಯ್ಯೋ ಅಮ್ಮಾ." ನಿಜವಾಗಿಯೂ ಕನಿಕರ ಬಂದವನ ಹಾಗೆ ತಲೆಯಾಡಿಸಿದ. "ಹಾಗಾದ್ರೆ ಇದೆಲ್ಲ ನಿಮ್ಮಿಂದಲೇ ಆಯ್ತು ಅಂತಾಯ್ತು. ನಾಳೆ ತಪಾಸಣೆಯವರು ಇದನ್ನ ನೋಡಿದ್ರೆ ಮೊದಲು ಹಿಡಿಯೋದು ಯಾರನ್ನ? ನಮ್ಮ ಹತ್ರ ವಕೀಲರಿದಾರೆ. ನಿಮ್ಮ ಹತ್ರ ಏನಿದೆ? ಸ್ಕ್ರೂ. ಇನ್ಮೇಲೆ ಈ ಹತ್ತು ಬೀದೀಲಿ ನಿಮ್ಮ ಕೈಗೆ ಒಂದು ಲ್ಯಾಪ್‌ಟಾಪು ಯಾರಾದ್ರೂ ಕೊಡ್ತಾರಾ? ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಜನವರಿ ಅಳಿಸಿ. ದನಿ ಅಳಿಸಿ. ಈ ಬರಹಾನೂ ಅಳಿಸಿ. ಹೊಸ ಸೆಲ್ ಹಾಕಿ, ಮುಚ್ಚಿ ಕೊಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹುಡುಗಿ ಸತ್ತಿದಾಳಲ್ಲ ಸಾರ್."

"ಸತ್ತವಳು ವಾಪಸ್ ಬರ್ತಾಳಾ?"

ಸ್ಕ್ರೂ ಅಕ್ಕ ಪರದೆಯ ಕಡೆ ನೋಡಿದಳು. ಅಲ್ಲಿ ಎಂಟು ವರ್ಷದ ಹಿಂದಿನ ಜನವರಿ ಒಂದರಲ್ಲಿ ಕಂಚು ಬಾಗಿಲು ದಾಟುತ್ತಲೇ ಇದ್ದಳು. ಹನ್ನೊಂದನೆಯವಳಾಗಿ, ಹೆಬ್ಬೆರಳಿಟ್ಟು, ಬೆಳಕಿನಲ್ಲಿ, ಎಲ್ಲರ ನಡುವೆ.

"ಊಟ ಮುಗಿಸಿ ವಾಪಸ್ ಬಂದಿದ್ದಳು," ಎಂದಳು. "ಅಷ್ಟೇ ನಾನು ಹೇಳ್ಬೇಕಾಗಿರೋದು. ನಾಳೆ ಹತ್ತಕ್ಕೆ ಇದನ್ನ ನಾನೇ ಗೇಟಿಗೆ ತರ್ತೀನಿ. ಹೀಗೇ, ಬಿಚ್ಚಿದ ಹಾಗೇ. ನನ್ನ ಅಕ್ಷರಾನೂ ತೋರಿಸ್ತೀನಿ. ಕಾಗದದ ಪ್ರತಿಗಳು ಆಗ್ಲೇ ಹೊರಗೆ ಹೋಗಿವೆ."

"ಇದು ಕಂಪನಿ ಆಸ್ತಿ. ಮುಚ್ಚಿ ಕೊಡಮ್ಮ." ಈಗ ಬೆಣ್ಣೆ ಇರಲಿಲ್ಲ, ಕೂದಲು ಮಾತ್ರ ಉಳಿದಿತ್ತು.

ಅವಳು ರಟ್ಟಿನಿಂದ ಸ್ಕ್ರೂಗಳನ್ನು ಒಂದೊಂದಾಗಿ ಕಿತ್ತು ಎಣಿಸುತ್ತ ಅಂಗೈಗೆ ಹಾಕಿಕೊಂಡಳು. ಹನ್ನೊಂದು. ಮುಷ್ಟಿ ಮುಚ್ಚಿದಳು. ಎದುರು ಹೊಸ್ತಿಲಿನಿಂದ ಟೈಲರಮ್ಮ ಎದ್ದು ಬೀದಿಗೆ ಇಳಿದಳು. ಜೆರಾಕ್ಸ್ ಮಾಮ ಹಾಳೆಗಳ ಕಟ್ಟು ಹಿಡಿದು ತನ್ನ ಬಾಗಿಲಲ್ಲಿ ನಿಂತ, ಈ ಸಲ ಹಿಂದೆ ಸರಿಯಲಿಲ್ಲ.

ಮ್ಯಾನೇಜರ್ ಬೀದಿಯನ್ನೊಮ್ಮೆ, ಮುಷ್ಟಿಯನ್ನೊಮ್ಮೆ ನೋಡಿದ. ಮೇಜಿನ ಮೇಲೆ ಬಿದ್ದಿದ್ದ ಬಿಳಿ ರಬ್ಬರನ್ನು ಎರಡು ಬೆರಳಿನಿಂದ ಅವಳ ಕಡೆಗೆ ತಳ್ಳಿದ.

"ಉಳಿದದ್ದು ಹಾಳಾಗ್ಲಿ," ಎಂದು ಪಿಸುಗುಟ್ಟಿದ, "ನಿನ್ನ ಅಕ್ಷರ ಆದ್ರೂ ಅಳಿಸ್ಕೋ. ನಿಂಗೇ ಒಳ್ಳೇದು."

ಸ್ಕ್ರೂ ಅಕ್ಕ ಖಾಲಿ ಇದ್ದ ಕೈಯಿಂದ ರಬ್ಬರನ್ನು ಅವನ ಕಡೆಗೇ ವಾಪಸ್ ತಳ್ಳಿದಳು.

"ಅಳಿಸಲ್ಲ."